ಕಡಿಮೆ ಡೋಸ್ ಎಂದರೆ ಬಡವರ ಡೋಸೇ?

ಹನುಮಂತನಗರದವನು · ಭಾನುವಾರ, ರಾತ್ರಿ 10:42

ಅಪ್ಪನಿಗೆ 64. ಹೆಚ್ಚುಕಡಿಮೆ ನಲವತ್ತು ವರ್ಷ ಲಾರಿ ಓಡಿಸಿದವರು. ರಾತ್ರಿ ನಿದ್ದೆ ಹತ್ತದಿರಲೆಂದು ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ. ಹೋದ ವರ್ಷ ಎಡಗೆನ್ನೆಯ ಒಳಗೆ ವಾಸಿಯಾಗದ ಹುಣ್ಣು, ಬಯಾಪ್ಸಿ, ಆಪರೇಷನ್, ಆಮೇಲೆ ಆರು ವಾರ ಕರೆಂಟ್ (ರೇಡಿಯೇಷನ್). ಸಂಕ್ರಾಂತಿಯ ಹೊತ್ತಿಗೆ ಅವರೆಕಾಳಿನ ಸಾರಿನಲ್ಲಿ ಅನ್ನ ಮಿದ್ದುಕೊಂಡು ತಿನ್ನುವಷ್ಟು ಬಾಯಿ ತೆರೆಯುತ್ತಿತ್ತು. ಎಲ್ಲ ಮುಗಿಯಿತು ಎಂದುಕೊಂಡೆವು. ಈಗ ಕುತ್ತಿಗೆಯಲ್ಲಿ ಮತ್ತೆ ಗಂಟು, ಶ್ವಾಸಕೋಶದಲ್ಲಿ ಎರಡು ಚುಕ್ಕೆ.

ಇನ್ನೊಂದು ಆಪರೇಷನ್ ಬೇಡ ಎಂದರು ಡಾಕ್ಟರ್. ಮೂರು ಬಗೆಯ ಮಾತ್ರೆ, ಮೂರು ವಾರಕ್ಕೊಮ್ಮೆ ಒಂದು ಇಂಜೆಕ್ಷನ್ ಬರೆದಿದ್ದಾರೆ. ಇಂಜೆಕ್ಷನ್ ಹೆಸರು ನಿವೊಲುಮ್ಯಾಬ್, 20 ಮಿಲಿಗ್ರಾಂ. "ಕಡಿಮೆ ಡೋಸಿನ ಇಮ್ಯುನೊಥೆರಪಿ" ಎಂದರು. ಮನೆಗೆ ಬಂದು ಮೊಬೈಲಿನಲ್ಲಿ ನೋಡಿದರೆ ಎಲ್ಲ ಕಡೆ 240 ಎಂದಿದೆ. ನಾನು ಫೈಲಿನಲ್ಲಿ ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟಿದ್ದೆ. ಅದನ್ನು ನೋಡಿಯೇ ಹನ್ನೆರಡರಲ್ಲಿ ಒಂದು ಪಾಲು ಬರೆದರೇನೋ ಎಂಬ ಸಂಶಯ ಹೊಟ್ಟೆಯಲ್ಲಿ ಕೂತುಬಿಟ್ಟಿದೆ. ಡಾಕ್ಟರನ್ನು ಕೇಳಲು ಬಾಯಿ ಬರಲಿಲ್ಲ, ಹೊರಗೆ ಇನ್ನೂ ನೂರು ಜನ ಕಾಯುತ್ತಿದ್ದರು.

ಇದರ ಮೇಲೆ ಚಿಕ್ಕಪ್ಪ ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ತೋರಿಸುತ್ತಿದ್ದಾರೆ: ರಷ್ಯಾದವರು ಕ್ಯಾನ್ಸರ್‌ಗೆ ಲಸಿಕೆ ಕಂಡುಹಿಡಿದಿದ್ದಾರೆ, ಉಚಿತವಾಗಿ ಕೊಡುತ್ತಾರೆ, ಆರು ತಿಂಗಳು ಕಾದರೆ ಇಲ್ಲಿಗೂ ಬರುತ್ತದೆ, ಅಲ್ಲಿಯವರೆಗೆ ಈ ವಿಷ ಯಾಕೆ ಎಂದು. ಅಮ್ಮ ಅವರ ಮಾತಿಗೆ ಅರ್ಧ ಒಪ್ಪಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ನಿಸರ್ಗಮಿತ್ರ · ಭಾನುವಾರ, ರಾತ್ರಿ 10:58

ಲಕ್ಷ್ಮಣಫಲದ ಎಲೆ ಹನ್ನೆರಡು, ನಾಲ್ಕು ಲೋಟ ನೀರು, ಒಂದು ಲೋಟಕ್ಕೆ ಇಳಿಸಿ ಬೆಳಿಗ್ಗೆ ಬರಿಹೊಟ್ಟೆಗೆ. ಕೀಮೊಗಿಂತ ಹತ್ತು ಸಾವಿರ ಪಟ್ಟು ಶಕ್ತಿ. ಔಷಧ ಕಂಪನಿಗಳು ಇದನ್ನು ಹೊರಗೆ ಬರಲು ಬಿಡುವುದಿಲ್ಲ.

ಹೆಬ್ಬಾಳದ ಲ್ಯಾಬು · ಭಾನುವಾರ, ರಾತ್ರಿ 11:31

ನಾನು ವೈದ್ಯನಲ್ಲ, ಜೀವಕೋಶಗಳ ಜೊತೆ ಕೆಲಸ ಮಾಡುವವನು. ಆದ್ದರಿಂದ ಅಪ್ಪನ ಚಿಕಿತ್ಸೆ ಹೇಗಿರಬೇಕೆಂದು ಹೇಳುವುದಿಲ್ಲ, ಸುದ್ದಿ ಏನೆಂದು ಹೇಳುತ್ತೇನೆ.

ಚಿಕ್ಕಪ್ಪನ ಸುದ್ದಿ ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. 2024ರ ಡಿಸೆಂಬರ್‌ನಲ್ಲಿ ರಷ್ಯಾ ಸರ್ಕಾರದ ಕಡೆಯಿಂದ ಎಂಆರ್‌ಎನ್‌ಎ ಕ್ಯಾನ್ಸರ್ ಲಸಿಕೆಯ (ಯಾವ ಪ್ರೋಟೀನು ಮಾಡಬೇಕೆಂದು ಜೀವಕೋಶಕ್ಕೆ ಹೇಳುವ ಸಂದೇಶದ ರೂಪದ ಲಸಿಕೆ) ಪ್ರಕಟಣೆ ಬಂದದ್ದು ನಿಜ. ಆದರೆ ಲಸಿಕೆ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಪೋಲಿಯೊ ಹನಿ: ಒಂದೇ ಬಾಟಲಿ, ಊರಿಗೆಲ್ಲ. ಈ ಲಸಿಕೆ ಹಾಗಲ್ಲ. ರೋಗ ಬಂದವರ ಗಡ್ಡೆಯನ್ನು ತೆಗೆದು, ಅದರ ಡಿಎನ್‌ಎ ಓದಿ, ಮೈಯ ಬೇರೆ ಜೀವಕೋಶಗಳಲ್ಲಿಲ್ಲದ ಬದಲಾವಣೆಗಳು ಯಾವುವು ಎಂದು ಹುಡುಕಿ, ಅವುಗಳ ಗುರುತನ್ನು ಮಾತ್ರ ಎಂಆರ್‌ಎನ್‌ಎಯಲ್ಲಿ ಬರೆದು ಅದೇ ರೋಗಿಗೆ ಚುಚ್ಚುವುದು. ಒಬ್ಬರ ಲಸಿಕೆ ಪಕ್ಕದ ಹಾಸಿಗೆಯವರಿಗೆ ಬರುವುದಿಲ್ಲ. ದರ್ಜಿಯ ಹತ್ತಿರ ಅಳತೆ ಕೊಟ್ಟು ಹೊಲಿಸಿದ ಅಂಗಿ, ಸಿದ್ಧ ಉಡುಪಲ್ಲ.

ಈ ದಾರಿಯಲ್ಲಿ ಫಲಿತಾಂಶವನ್ನು ಎಲ್ಲರ ಮುಂದಿಟ್ಟು ಮುಂದೆ ಹೋಗಿರುವವರು ಮಾಡರ್ನಾ ಮತ್ತು ಮರ್ಕ್ ಕಂಪನಿಗಳವರು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ನ 157 ರೋಗಿಗಳು. ಎಲ್ಲರಿಗೂ ಮೊದಲೇ ಆಪರೇಷನ್ ಆಗಿ ಗಡ್ಡೆ ತೆಗೆದಿತ್ತು. ಕೆಲವರಿಗೆ ಇಮ್ಯುನೊಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಔಷಧ) ಮಾತ್ರ, ಉಳಿದವರಿಗೆ ಅದರ ಜೊತೆ ಲಸಿಕೆ. ಲಸಿಕೆಯನ್ನೂ ಪಡೆದವರಲ್ಲಿ ರೋಗ ಮರಳುವ ಅಥವಾ ಸಾವಿನ ಅಪಾಯ ಶೇ 44ರಷ್ಟು ಕಡಿಮೆಯಾಯಿತು ಎಂದು 2022ರ ಕೊನೆಯಲ್ಲಿ ಪ್ರಕಟಿಸಿದರು. ಒಳ್ಳೆಯ ಸುದ್ದಿಯೇ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಬಯೊಎನ್‌ಟೆಕ್‌ನವರ ಲಸಿಕೆ ಕೊಟ್ಟ 16 ಜನರಲ್ಲಿ 8 ಜನರ ರೋಗನಿರೋಧಕ ಶಕ್ತಿ ಎಚ್ಚೆತ್ತಿತು. ಗಮನಿಸಿ: ಎರಡೂ ಕಡೆ ಗಡ್ಡೆಯನ್ನು ಮೊದಲು ಕತ್ತರಿಸಿ ತೆಗೆದಿದ್ದರು, ಎರಡೂ ಕಡೆ ಲಸಿಕೆಯ ಜೊತೆ ಬೇರೆ ಔಷಧವೂ ಇತ್ತು. ಲಸಿಕೆಗೆಂದು ಚಿಕಿತ್ಸೆ ನಿಲ್ಲಿಸಿ ಯಾರನ್ನೂ ಕಾಯಿಸಲಿಲ್ಲ.

ಪಕ್ಕದ ಮಾತು: ಕ್ಯಾನ್ಸರ್‌ಗೆ ಲಸಿಕೆ ಎಂಬುದೇನೂ ನಿನ್ನೆ ಮೊನ್ನೆಯದಲ್ಲ. ನಮ್ಮ ತೋಳಿನ ಮೇಲೆ ಗುರುತು ಬಿಟ್ಟಿರುವ ಬಿಸಿಜಿಯನ್ನೇ 1976ರಿಂದ ಮೂತ್ರಕೋಶದ ಕ್ಯಾನ್ಸರ್‌ಗೆ ಬಳಸುತ್ತಿದ್ದಾರೆ. ಮೂತ್ರಕೋಶದೊಳಕ್ಕೇ ಬಿಡುತ್ತಾರೆ, ಅಲ್ಲಿ ಉರಿಯೂತ ಎದ್ದು ರೋಗನಿರೋಧಕ ಕಣಗಳು ಗಡ್ಡೆಯ ಮೇಲೆ ಬೀಳುತ್ತವೆ. ಯಾರೂ ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಿಲ್ಲ, ಹಳೆಯದಲ್ಲವೇ.

ಡೇಕೇರ್ ಸಿಸ್ಟರ್ · ಸೋಮವಾರ, ಬೆಳಿಗ್ಗೆ 6:10

ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಹನುಮಂತನಗರದವರೇ, ಕಾಯಬೇಡಿ. ಹದಿನೆಂಟು ವರ್ಷದಲ್ಲಿ ನಾನು ನೋಡಿದ್ದರಲ್ಲಿ ಅತಿ ದುಬಾರಿಯ ವಸ್ತು ಈ "ಸ್ವಲ್ಪ ಕಾದು ನೋಡೋಣ". ಕುತ್ತಿಗೆಯ ಗಂಟು ಚಿಕ್ಕಪ್ಪನ ಮಾತು ಕೇಳುವುದಿಲ್ಲ.

ಡಾಕ್ಟರನ್ನು ಕೇಳಲು ಸಂಕೋಚವಿದ್ದರೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಫೈಲಿನ ಮೇಲೆ ಪಿನ್ ಮಾಡಿ. ಫೈಲು ತೆರೆದ ಕೂಡಲೇ ಕಾಣಬೇಕು. ಮೂರಕ್ಕಿಂತ ಹೆಚ್ಚು ಬೇಡ. ಚೀಟಿ ಕಂಡರೆ ಯಾವ ಡಾಕ್ಟರೂ ಓದದೆ ಬಿಡುವುದಿಲ್ಲ, ನಾನು ನೋಡಿರುವಂತೆ.

ಹೆಬ್ಬಾಳದ ಲ್ಯಾಬು · ಸೋಮವಾರ, ಬೆಳಿಗ್ಗೆ 9:25

ಈಗ 20 ಮಿಲಿಗ್ರಾಂ ಪ್ರಶ್ನೆ. ರಾತ್ರಿ ಇದನ್ನೇ ಬರೆಯಬೇಕಿತ್ತು, ಲಸಿಕೆಯ ಹಿಂದೆ ಹೋದೆ.

ನಮ್ಮ ರಕ್ತದಲ್ಲಿ ಟಿ ಕೋಶಗಳೆಂಬ ಕಾವಲುಗಾರರು ಇದ್ದಾರೆ. ಅವರ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಇದೆ, ಸುಮ್ಮಸುಮ್ಮನೆ ನಮ್ಮ ಮೈಯನ್ನೇ ಕಡಿಯದಿರಲೆಂದು. ಕ್ಯಾನ್ಸರ್ ಕೋಶ ಆ ಬ್ರೇಕನ್ನು ಒತ್ತಿ ಕಾವಲುಗಾರನನ್ನು ನಿಲ್ಲಿಸಿಬಿಡುತ್ತದೆ. ನಿವೊಲುಮ್ಯಾಬ್ ಹೋಗಿ ಬ್ರೇಕಿನ ಮೇಲೆ ಕೂರುತ್ತದೆ, ಗಡ್ಡೆಯ ಕಾಲು ಅಲ್ಲಿಗೆ ತಲುಪುವುದಿಲ್ಲ. ಈ ಬಗೆಯ ಬ್ರೇಕುಗಳನ್ನು ಕಂಡುಹಿಡಿದದ್ದಕ್ಕೇ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂದದ್ದು.

ಕೀಮೊ ಔಷಧಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಕೀಮೊದಲ್ಲಿ ಸಾಮಾನ್ಯವಾಗಿ ಡೋಸ್ ಏರಿದಷ್ಟೂ ಏಟು ಹೆಚ್ಚು, ಪೆಟ್ಟೂ ಹೆಚ್ಚು. ಇಲ್ಲಿ ಬ್ರೇಕುಗಳ ಸಂಖ್ಯೆಗೆ ಒಂದು ಮಿತಿ ಇದೆ. ತೀರ ಕಡಿಮೆ ಔಷಧಕ್ಕೇ ಅವುಗಳಲ್ಲಿ ಬಹುಪಾಲು ಮುಚ್ಚಿಹೋಗುತ್ತವೆ ಎಂಬುದು ಆರಂಭದ ಪ್ರಯೋಗಗಳಲ್ಲೇ ಕಂಡಿತ್ತು. ನಮ್ಮಮ್ಮನಿಗೆ ಇದನ್ನು ವಿವರಿಸಿದಾಗ ಅವರು ಹೇಳಿದ್ದು: "ಪಾತ್ರೆ ಹಾಲಿಗೆ ಒಂದು ಚಮಚ ಹೆಪ್ಪು ಹಾಕುತ್ತೇವೆ. ಒಂದು ಸೌಟು ಹಾಕಿದರೆ ಮೊಸರೇನು ಎರಡು ಪಾತ್ರೆ ಆಗುತ್ತದೆಯೇ?" ನನ್ನ ಹನ್ನೆರಡು ವರ್ಷದ ಓದು ಅಲ್ಲಿಗೆ ಮುಗಿಯಿತು.

ಇದನ್ನು ಬರಿ ಊಹೆಯಾಗಿ ಬಿಡದೆ ಪರೀಕ್ಷೆಗೆ ಇಟ್ಟವರು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು. ತಲೆ ಮತ್ತು ಕುತ್ತಿಗೆಯ ಭಾಗದ ಕ್ಯಾನ್ಸರ್, ಎಂದರೆ ನಿಮ್ಮ ಅಪ್ಪನ ಬಗೆಯದೇ. 151 ರೋಗಿಗಳು. ಅರ್ಧ ಜನಕ್ಕೆ ಮಿಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಎಂಬ ಮೂರು ಮಾತ್ರೆ. ಉಳಿದರ್ಧಕ್ಕೆ ಅದೇ ಮೂರು ಮಾತ್ರೆಯ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್. 2022ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ 16.3, ಎರಡನೆಯದರಲ್ಲಿ ಶೇ 43.4.

ಒಂದು ಮಾತು ಪ್ರಾಮಾಣಿಕವಾಗಿ ಸೇರಿಸಬೇಕು. ಆ ಪ್ರಯೋಗ ಕಡಿಮೆ ಡೋಸನ್ನು ಪೂರ್ತಿ ಡೋಸಿನ ಎದುರು ತೂಗಲಿಲ್ಲ. ಕಡಿಮೆ ಡೋಸ್ ಇದ್ದರೆ ಏನು, ಇಲ್ಲದಿದ್ದರೆ ಏನು ಎಂದು ತೂಗಿತು. ಬಡವರನ್ನು ನೋಡಿಯೇ ಆ ಪ್ರಶ್ನೆ ಹುಟ್ಟಿದ್ದು ಹೌದು. ಉತ್ತರ ಮಾತ್ರ ಗಟ್ಟಿಯಾಗಿದೆ.

ಡೇಕೇರ್ ಸಿಸ್ಟರ್ · ಸೋಮವಾರ, ಮಧ್ಯಾಹ್ನ 1:15

ಎದ್ದು ನೋಡಿದರೆ ಇದು. ಲ್ಯಾಬಿನವರೇ, ಶೇಕಡಾ ಲೆಕ್ಕ ಬರೆಯುವ ಮುಂಚೆ ಓದುತ್ತಿರುವವನು ಮಗ ಎಂಬುದು ನೆನಪಿರಬೇಕಿತ್ತು. ಅವರು ಕೇಳಿದ್ದು ಡೋಸಿನ ಬಗ್ಗೆ, ವರ್ಷದ ಬಗ್ಗೆ ಅಲ್ಲ.

ಹೆಬ್ಬಾಳದ ಲ್ಯಾಬು · ಸೋಮವಾರ, ಮಧ್ಯಾಹ್ನ 1:40

ನಿಜ. ತಪ್ಪಾಯಿತು. ಅಳಿಸಲೇ?

ಹನುಮಂತನಗರದವನು · ಸೋಮವಾರ, ಮಧ್ಯಾಹ್ನ 2:05

ಬೇಡ ಸರ್, ಇರಲಿ. ಶೌಚಾಲಯಕ್ಕೆ ಹೋಗಿ ಎರಡು ಸಲ ಓದಿದೆ. ಗೊತ್ತಿಲ್ಲದೆ ಇರುವುದಕ್ಕಿಂತ ಇದೇ ವಾಸಿ. ಮನೆಯಲ್ಲಿ ಮೊಸರಿನ ಕಥೆ ಮಾತ್ರ ಹೇಳುತ್ತೇನೆ.

ಲಾಲ್‌ಬಾಗ್ ವಾಯುವಿಹಾರಿ · ಸೋಮವಾರ, ಸಂಜೆ 5:50

ನಿಸರ್ಗಮಿತ್ರರಿಗೆ. ನಾನು ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು, ಗಿಡದ ಮೇಲೆ ನನಗೆ ನಿಮಗಿಂತ ಮೋಹ ಕಡಿಮೆಯಿಲ್ಲ. ನಿಮ್ಮ ಮನೆಯ ತುಳಸಿಕಟ್ಟೆಯ ಪಕ್ಕದಲ್ಲಿ ನಿತ್ಯಪುಷ್ಪ ಇದೆಯೇ? ಗುಲಾಬಿ, ಬಿಳಿ, ಐದೆಸಳು. ಆ ಗಿಡದಿಂದಲೇ ವಿನ್‌ಕ್ರಿಸ್ಟಿನ್ ಬಂತು. 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಇವತ್ತಿಗೂ ಮಕ್ಕಳ ರಕ್ತ ಕ್ಯಾನ್ಸರ್‌ಗೆ ಅದಿಲ್ಲದೆ ನಡೆಯುವುದಿಲ್ಲ. ನಮ್ಮ ಪಶ್ಚಿಮಘಟ್ಟದ ಒಂದು ಕಾಡುಮರದಲ್ಲಿ, ಹೂವು ದುರ್ವಾಸನೆ ಹೊಡೆಯುವ ಮರ ಅದು, ಕ್ಯಾಂಪ್ಟೊಥೆಸಿನ್ ಎಂಬ ಸತ್ವ ಇದೆ. ಅದರಿಂದ ಕರುಳಿನ ಕ್ಯಾನ್ಸರ್‌ಗೆ ಕೊಡುವ ಔಷಧ ಮಾಡಿದರು. ಆ ಸತ್ವವನ್ನು 1966ರಲ್ಲಿ ಚೀನಾದ ಮರವೊಂದರಿಂದ ಬೇರ್ಪಡಿಸಿದವರಲ್ಲಿ ಒಬ್ಬರು ನಮ್ಮ ದೇಶದಿಂದ ಹೋದ ಮನ್ಸುಖ್ ವಾಣಿ. ಕಂಪನಿಗಳು ಗಿಡವನ್ನು ಬಚ್ಚಿಡುವುದಿಲ್ಲ ಸ್ವಾಮಿ, ಕೆಲಸ ಮಾಡಿದರೆ ಬೇರುಸಮೇತ ಕಿತ್ತುಕೊಂಡು ಹೋಗಿ ಪೇಟೆಂಟ್ ಮಾಡುತ್ತವೆ.

ಲಕ್ಷ್ಮಣಫಲದ ಹಣ್ಣು ತಿನ್ನಿ, ರುಚಿಯಾಗಿದೆ. ಎಲೆಯ ಕಷಾಯವನ್ನು ತಿಂಗಳುಗಟ್ಟಲೆ ಕುಡಿಯಬೇಡಿ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಜಾತಿಯ ಹಣ್ಣು, ಎಲೆಯ ಕಷಾಯ ಹೆಚ್ಚಾಗಿ ಸೇವಿಸುವವರಲ್ಲಿ ಪಾರ್ಕಿನ್ಸನ್‌ಗೆ ಹೋಲುವ ನರರೋಗ ಕಂಡುಬಂದಿದೆ. ಅನೊನಾಸಿನ್ ಎಂಬ ಅಂಶದ ಮೇಲೆ ಅನುಮಾನ.

ನಿಸರ್ಗಮಿತ್ರ · ಸೋಮವಾರ, ಸಂಜೆ 6:02

ನಮ್ಮ ಸೋದರತ್ತೆಗೆ ಗುಣವಾಗಿದೆ. ನಿಮ್ಮ ಗ್ವಾಡೆಲೂಪ್ ನಿಮಗೇ ಇರಲಿ.

ಮಾತ್ರೆ 400 · ಸೋಮವಾರ, ರಾತ್ರಿ 9:20

ಸಾಮಾನ್ಯವಾಗಿ ನಾನು ಓದುವವಳು, ಬರೆಯುವವಳಲ್ಲ. "ಬಡವರ ಡೋಸ್" ಎಂಬ ಮಾತು ಓದಿ ಸುಮ್ಮನಿರಲು ಆಗಲಿಲ್ಲ.

2006ರಲ್ಲಿ ನನಗೆ 31. ಬನಶಂಕರಿಯಲ್ಲಿ ಟ್ಯೂಷನ್ ಹೇಳುತ್ತಿದ್ದೆ. ಎಡಪಕ್ಕೆಯ ಕೆಳಗೆ ಸದಾ ಒಂದು ಭಾರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತೆ. ಗ್ಯಾಸ್ಟ್ರಿಕ್ ಎಂದು ಮೂರು ತಿಂಗಳು ಜೀರಿಗೆ ನೀರು ಕುಡಿದೆ. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ ಎರಡು ಲಕ್ಷ ದಾಟಿತ್ತು. ಸಿಎಂಎಲ್ ಎಂಬ ರಕ್ತ ಕ್ಯಾನ್ಸರ್. ಭಾರವಾಗಿದ್ದದ್ದು ಊದಿಕೊಂಡ ಗುಲ್ಮ.

ಡಾಕ್ಟರ್ ಕಾಗದದ ಮೇಲೆ ಎರಡು ಗೀಟು ಎಳೆದು ತೋರಿಸಿದರು. 9ನೇ ವರ್ಣತಂತು, 22ನೇ ವರ್ಣತಂತು, ಇವೆರಡರ ತುದಿಗಳು ಅದಲುಬದಲಾಗಿವೆ, ಅದರಿಂದ ಒಂದು ಕೆಟ್ಟ ಪ್ರೋಟೀನು ಹುಟ್ಟಿ ಸ್ವಿಚ್ಚು ಆರದೆ ಉರಿಯುತ್ತಲೇ ಇದೆ, ಈ ಮಾತ್ರೆ ಆ ಸ್ವಿಚ್ಚನ್ನು ಮಾತ್ರ ಒತ್ತುತ್ತದೆ ಎಂದರು. ಮಾತ್ರೆಯ ಹೆಸರು ಇಮ್ಯಾಟಿನಿಬ್. ಅಮೆರಿಕದಲ್ಲಿ 2001ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿದ್ದು. ಅದಕ್ಕೆ ಮುಂಚೆ ಆಗಿದ್ದರೆ ಅಸ್ಥಿಮಜ್ಜೆ ಕಸಿ, ಇಲ್ಲವೇ ದೇವರು.

ಆಮೇಲೆ ಬೆಲೆ. ನೊವಾರ್ಟಿಸ್ ಕಂಪನಿ ಇದನ್ನು ಗ್ಲಿವೆಕ್ ಎಂಬ ಹೆಸರಿನಲ್ಲಿ ಮಾರುತ್ತಿತ್ತು, ತಿಂಗಳಿಗೆ ಸುಮಾರು 1.2 ಲಕ್ಷ. ನಮ್ಮ ದೇಶದ ಕಂಪನಿಗಳ ಅದೇ ಮಾತ್ರೆ ಹತ್ತು ಸಾವಿರದ ಆಸುಪಾಸು. ಅದೂ ನಮಗೆ ಭಾರವೇ, ಆದರೆ ಒಡವೆ ಮಾರಿ ನೂಕಬಹುದಾದ ಭಾರ. ಅದೇ ವರ್ಷ ಜನವರಿಯಲ್ಲಿ ಚೆನ್ನೈಯ ಪೇಟೆಂಟ್ ಕಚೇರಿ, ಆ ಮಾತ್ರೆಯನ್ನು ತಾನೊಬ್ಬನೇ ಮಾರುವ ಹಕ್ಕು ಕೇಳಿದ ನೊವಾರ್ಟಿಸ್‌ನ ಅರ್ಜಿಯನ್ನು ತಿರಸ್ಕರಿಸಿತ್ತು. ಅವರು ಬಿಡಲಿಲ್ಲ, ಸುಪ್ರೀಂ ಕೋರ್ಟಿನವರೆಗೆ ಹೋದರು. ಏಳು ವರ್ಷ. ಪೇಪರಿನಲ್ಲಿ ಆ ಮೊಕದ್ದಮೆಯ ಸುದ್ದಿ ಬಂದ ದಿನವೆಲ್ಲ ನಮ್ಮನೆಯವರು ನನಗೆ ಕಾಣದಂತೆ ಪೇಪರನ್ನು ಮಡಚಿ ಇಟ್ಟುಬಿಡುತ್ತಿದ್ದರು. 2013ರ ಏಪ್ರಿಲ್ 1ರಂದು ತೀರ್ಪು ಬಂತು. ಹಳೆಯ ಔಷಧವನ್ನು ಸ್ವಲ್ಪ ರೂಪ ಬದಲಿಸಿ ಹೊಸದೆಂದು ಪೇಟೆಂಟ್ ಕೇಳುವಂತಿಲ್ಲ, ರೋಗ ಗುಣಪಡಿಸುವ ಶಕ್ತಿ ಹೆಚ್ಚಾಗಿದೆಯೆಂದು ತೋರಿಸಬೇಕು ಎನ್ನುತ್ತದೆ ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಸೆಕ್ಷನ್. ನೊವಾರ್ಟಿಸ್ ಸೋತಿತು. ಏಪ್ರಿಲ್ ಫೂಲ್ ಇರಬಹುದೆಂದು ಸಂಜೆಯ ವಾರ್ತೆಯಲ್ಲಿ ಇನ್ನೊಮ್ಮೆ ಕೇಳಿಸಿಕೊಂಡೆ.

ಆ ಕಂಪನಿಯೂ ಸಾವಿರಾರು ರೋಗಿಗಳಿಗೆ ಉಚಿತವಾಗಿ ಮಾತ್ರೆ ಕೊಟ್ಟಿದೆ, ಅದನ್ನೂ ಹೇಳಬೇಕು. ಆದರೆ ದಾನದ ಮಾತ್ರೆಗೆ ಕೈಚಾಚಿ ನಿಲ್ಲುವುದಕ್ಕೂ ಅಂಗಡಿಯಲ್ಲಿ ದುಡ್ಡು ಎಣಿಸಿ ಕೊಳ್ಳುವುದಕ್ಕೂ ವ್ಯತ್ಯಾಸವಿದೆ.

ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ, ದೊಡ್ಡ ಲೋಟದ ತುಂಬ ನೀರು. ಕಣ್ಣ ಕೆಳಗೆ ಊತ ಬರುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಅಷ್ಟೇ. ಆ ಮಾತ್ರೆಯ ಮೊದಲ ದೊಡ್ಡ ಪ್ರಯೋಗದಲ್ಲಿ ಹತ್ತು ವರ್ಷದ ನಂತರವೂ ನೂರರಲ್ಲಿ 83 ಜನ ಬದುಕಿದ್ದರಂತೆ. ನಾನು ಆಗ ಒಂದನೇ ತರಗತಿಯಲ್ಲಿದ್ದ ಮಗಳ ಮದುವೆ ಮಾಡಿದೆ. ಹನುಮಂತನಗರದ ತಮ್ಮ, ನಾನು ಇಪ್ಪತ್ತು ವರ್ಷದಿಂದ ತಿನ್ನುತ್ತಿರುವುದು "ಬಡವರ ಮಾತ್ರೆ"ಯೇ. ಪ್ರತಿ ಪರೀಕ್ಷೆಯಲ್ಲೂ ಆ ಕೆಟ್ಟ ಪ್ರೋಟೀನಿನ ಲೆಕ್ಕ ಸೊನ್ನೆಯ ಹತ್ತಿರವೇ ಇದೆ.

ಔಷಧದಂಗಡಿ ಗಾಂಧಿಬಜಾರ್ · ಸೋಮವಾರ, ರಾತ್ರಿ 10:47

ಅಕ್ಕ ಬರೆದ ಮೇಲೆ ಬರೆಯುವುದು ಕಷ್ಟ. ಕೌಂಟರಿನ ಈಚೆ ನಿಂತವನ ಎರಡು ಮಾತು, ಹನುಮಂತನಗರದವರ ಚೀಟಿಗೆ ಸಂಬಂಧಿಸಿದ್ದು ಮಾತ್ರ.

ಮಿಥೊಟ್ರೆಕ್ಸೇಟ್ ವಾರಕ್ಕೊಮ್ಮೆ. ದಿನಾ ಅಲ್ಲ. ಇದನ್ನು ನಾನು ಕಿರುಚಿ ಹೇಳಬೇಕೆಂದಿದ್ದೇನೆ. ದಿನವೂ ನುಂಗಿ ಬಾಯಿ, ಗಂಟಲೆಲ್ಲ ಹುಣ್ಣಾಗಿ, ರಕ್ತಕಣ ನೆಲಕಚ್ಚಿ ಆಸ್ಪತ್ರೆ ಸೇರಿದವರನ್ನು ಕಂಡಿದ್ದೇನೆ. ಆ ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ವಾರದ ಹೆಸರು ಬರೆಯಿರಿ. ಉಳಿದ ಮಾತ್ರೆಗಳ ಡಬ್ಬಿಯಲ್ಲಿ ಇಡಬೇಡಿ, ಬೇರೆ ಡಬ್ಬಿ, ಬೇರೆ ಜಾಗ. ನಮ್ಮ ಅಂಗಡಿಯಲ್ಲಿ ಅದನ್ನು ಕೊಡುವಾಗ ನಾನು ಗಿರಾಕಿಯ ಬಾಯಿಂದಲೇ "ಸೋಮವಾರ ಮಾತ್ರ" ಎಂದು ಹೇಳಿಸಿಯೇ ಚೀಲ ಕೈಗೆ ಕೊಡುವುದು. ಕೆಲವರು ಬೈದುಕೊಳ್ಳುತ್ತಾರೆ.

ಎರ್ಲೊಟಿನಿಬ್ ಬರಿಹೊಟ್ಟೆಗೆ, ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ನಂತರ. ನಮ್ಮಲ್ಲಿ ಮನೆಗೊಬ್ಬರು ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸ್ ಮಾತ್ರೆ ನುಂಗುತ್ತಾರಲ್ಲ, ಅದು ಹೊಟ್ಟೆಯ ಆಮ್ಲವನ್ನು ಇಳಿಸಿ ಎರ್ಲೊಟಿನಿಬ್ ಮೈಗೆ ಹತ್ತದಂತೆ ಮಾಡುತ್ತದೆ. ಅಪ್ಪ ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಮುಖದ ಮೇಲೆ ಮೊಡವೆಯಂಥ ಗುಳ್ಳೆ ಏಳುತ್ತದೆ, ಅಮ್ಮ ಹೆದರದಿರಲಿ.

ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಹೊರಗಿನಿಂದ ತರಿಸಿದರೆ ಐಸ್ ಪ್ಯಾಕ್ ಇರುವ ಥರ್ಮಾಕೋಲ್ ಡಬ್ಬಿ ಮತ್ತು ಬಿಲ್ಲು, ಎರಡೂ ಇಲ್ಲದೆ ಮುಟ್ಟಬೇಡಿ. ಇನ್ನೊಂದು, ಅದರ ಚಿಕ್ಕ ಬಾಟಲಿ 40 ಮಿಲಿಗ್ರಾಂ. ನಿಮಗೆ ಬೇಕಾದದ್ದು ಅದರಲ್ಲಿ ಅರ್ಧ. ಉಳಿದರ್ಧವನ್ನು ಮನೆಯ ಫ್ರಿಜ್ಜಿನಲ್ಲಿಟ್ಟು ಮೂರು ವಾರದ ನಂತರ ಬಳಸುವಂತಿಲ್ಲ. ಅದೇ ದಿನ ಅದೇ ಔಷಧ ಬೇಕಾದ ಇನ್ನೊಬ್ಬ ರೋಗಿಯನ್ನು ಜೊತೆ ಮಾಡಿಕೊಡುತ್ತಾರೆಯೇ ಎಂದು ಆಸ್ಪತ್ರೆಯಲ್ಲೇ ಕೇಳಿ. ಖರ್ಚು ನೇರ ಅರ್ಧ.

ಬೆಲೆಯ ಬಗ್ಗೆ ಒಂದು ಸಾಲು: 2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಗಳ ಮಾರಾಟದ ಲಾಭಕ್ಕೆ ಶೇ 30ರ ಮಿತಿ ಹಾಕಿತು. ಕೆಲವು ಔಷಧಗಳ ಬೆಲೆ ಎಷ್ಟು ಇಳಿಯಿತೆಂದರೆ, ಮುಂಚೆ ಮಧ್ಯದಲ್ಲಿ ಯಾರು ಎಷ್ಟು ತಿನ್ನುತ್ತಿದ್ದರು ಎಂದು ನನಗೇ ನಾಚಿಕೆಯಾಯಿತು. ನಾನೂ ಆ ಸಾಲಿನಲ್ಲಿ ನಿಂತವನೇ.

ಲಾಲ್‌ಬಾಗ್ ವಾಯುವಿಹಾರಿ · ಮಂಗಳವಾರ, ಬೆಳಿಗ್ಗೆ 5:30

ಅಂಗಡಿಯವರು ಹೇಳಿದ ಮಿಥೊಟ್ರೆಕ್ಸೇಟ್‌ನ ಹಿಂದೆ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ವಿಜ್ಞಾನಿ. ಅವರ ತಂಡ ಲೆಡರ್ಲೆ ಕಂಪನಿಯ ಲ್ಯಾಬಿನಲ್ಲಿ ಸಿದ್ಧಪಡಿಸಿದ ಇದರ ಅಕ್ಕನಂಥ ಔಷಧವನ್ನು ವೈದ್ಯ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರ್‌ನ ಮಕ್ಕಳಿಗೆ ಕೊಟ್ಟು, ರೋಗ ಹಿಮ್ಮೆಟ್ಟಿದ್ದನ್ನು 1948ರಲ್ಲಿ ಪ್ರಕಟಿಸಿದರು. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಎಂಬತ್ತು ವರ್ಷದ ಹಿಂದಿನ ಮಾತ್ರೆಯೂ ಈ ಶತಮಾನದ ಇಂಜೆಕ್ಷನ್ನೂ ಒಂದೇ ಚೀಟಿಯಲ್ಲಿ. ನನಗೆ ಇದು ಸೋಜಿಗ.

ಮೂರೆಕರೆ ತೋಟ · ಮಂಗಳವಾರ, ಬೆಳಿಗ್ಗೆ 8:12

ಮೊದಲ ಬರಹದಲ್ಲಿ "ಎಲೆ ಅಡಿಕೆ" ಎಂದು ಬರೆದಿದ್ದೀರಿ. ತೊಂದರೆ ಹೊಗೆಸೊಪ್ಪಿನಿಂದ. ಅಡಿಕೆಯನ್ನು ಯಾಕೆ ಎಳೆಯುತ್ತೀರಿ? ಸಾವಿರಾರು ವರ್ಷದಿಂದ ದೇವರಿಗೆ ಇಡುವ ವಸ್ತು.

ಹೆಬ್ಬಾಳದ ಲ್ಯಾಬು · ಮಂಗಳವಾರ, ಬೆಳಿಗ್ಗೆ 8:40

ದೇವರಿಗೆ ಇಡುವುದರಿಂದ ಏನೂ ಆಗುವುದಿಲ್ಲ. ಜಗಿಯುವುದರಿಂದ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ನಮ್ಮ ತಾತನದೂ ತೀರ್ಥಹಳ್ಳಿ ಕಡೆ ತೋಟ. ಹೇಳಲು ನನಗೂ ಹಿತವಿಲ್ಲ.

ಮೂರೆಕರೆ ತೋಟ · ಮಂಗಳವಾರ, ಬೆಳಿಗ್ಗೆ 8:44

ಹಾಗಾದರೆ ನಮ್ಮ ತೋಟ ಕಡಿಯೋಣವೇ? ನೀವು ಸಂಬಳ ಕೊಡುತ್ತೀರಾ?

ನಿರ್ವಾಹಕ · ಮಂಗಳವಾರ, ಬೆಳಿಗ್ಗೆ 9:00

ಅಡಿಕೆಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಅಡಿಕೆಯ ಮೇಲೆ ಇನ್ನು ಬರುವ ಬರಹಗಳನ್ನು ತೆಗೆಯುತ್ತೇನೆ.

ವಿಜಯನಗರ ಅಮ್ಮ · ಮಂಗಳವಾರ, ಮಧ್ಯಾಹ್ನ 12:30

ಲಸಿಕೆಯ ಮಾತು ಬಂದದ್ದರಿಂದ ಕೇಳುತ್ತೇನೆ. ಮಗಳಿಗೆ ಹನ್ನೊಂದು. ಮಕ್ಕಳ ಡಾಕ್ಟರ್ ಎಚ್‌ಪಿವಿ ಲಸಿಕೆ ಹಾಕಿಸಿ ಎಂದರು. ಅದು ಮದುವೆಯಾದವರಿಗೆ ಬರುವ ಕಾಯಿಲೆ, ಈಗಲೇ ಯಾಕೆ ಎಂದು ಅತ್ತೆ ಮುನಿಸಿಕೊಂಡಿದ್ದಾರೆ.

ಡೇಕೇರ್ ಸಿಸ್ಟರ್ · ಮಂಗಳವಾರ, ಮಧ್ಯಾಹ್ನ 3:45

ಹಾಕಿಸಿ. ಈ ಒಂದು ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಇದು ಲ್ಯಾಬಿನವರು ಹೇಳಿದ ಅಳತೆಯ ಅಂಗಿ ಅಲ್ಲ, ಪೋಲಿಯೊ ಹನಿಯ ಜಾತಿಯದು, ರೋಗ ಬರುವುದಕ್ಕೆ ಮುಂಚೆ ಹಾಕುವಂಥದ್ದು.

ಗರ್ಭಕೋಶದ ಕೊರಳಿನ ಕ್ಯಾನ್ಸರ್ ಹೆಚ್ಚುಕಡಿಮೆ ಎಲ್ಲವೂ ಎಚ್‌ಪಿವಿ ಎಂಬ ಒಂದು ವೈರಸ್‌ನಿಂದ. ಹತ್ತರಲ್ಲಿ ಏಳು ಪ್ರಕರಣಗಳಿಗೆ ಅದರ 16 ಮತ್ತು 18ನೇ ತಳಿಗಳೇ ಕಾರಣ. ವೈರಸ್ ಮೈಗೆ ಹೊಕ್ಕ ಮೇಲೆ ಲಸಿಕೆಯಿಂದ ಅದನ್ನು ಓಡಿಸಲಾಗದು, ಆದ್ದರಿಂದಲೇ 9ರಿಂದ 14ರ ವಯಸ್ಸು. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿ, 2023ರಲ್ಲಿ ಬಿಡುಗಡೆಯಾಯಿತು. ಹೊರದೇಶದ್ದಕ್ಕಿಂತ ಬೆಲೆ ಎಷ್ಟೋ ಕಡಿಮೆ. ಇದನ್ನು ಈ ವಯಸ್ಸಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಕೊಡುತ್ತಾರೆ, ಒಂದೇ ಸಾಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಸ್ಕಾಟ್ಲೆಂಡಿನಲ್ಲಿ 12-13ರ ವಯಸ್ಸಿನಲ್ಲಿ ಲಸಿಕೆ ಪಡೆದ ಹುಡುಗಿಯರ ಗುಂಪಿನಲ್ಲಿ ಈ ಕ್ಯಾನ್ಸರ್ ಒಂದೂ ಕಂಡಿಲ್ಲ ಎಂದು 2024ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ವರ್ಷಕ್ಕೆ 75 ಸಾವಿರಕ್ಕೂ ಹೆಚ್ಚು ಹೆಂಗಸರು ಇದರಿಂದ ಸಾಯುತ್ತಾರೆ. ಅವರಲ್ಲಿ ಕೆಲವರ ಕೈ ಹಿಡಿದು ಕೂತಿದ್ದೇನೆ, ವಾಸನೆಗೆ ನಾಚಿಕೊಂಡು ಮಗ್ಗುಲು ಬದಲಿಸುತ್ತಿದ್ದರು.

ಅತ್ತೆಗೆ "ಮದುವೆಯಾದ ಮೇಲೆ ಬರುವ ಕಾಯಿಲೆಗೆ ಮದುವೆಗೆ ಮುಂಚೆಯೇ ಬೀಗ" ಎನ್ನಿ. ನೀವೂ ಮೂವತ್ತು ದಾಟಿದ್ದರೆ ಗರ್ಭಕೋಶದ ಕೊರಳಿನ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಳ್ಳಿ. ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಮುನಿಸು ಇಳಿದ ಮೇಲೆ.

ಮಾಲೂರು ಲೋಕಲ್ · ಮಂಗಳವಾರ, ರಾತ್ರಿ 8:15

ಅಕ್ಕನ ಮಗನಿಗೆ 19. ರಕ್ತ ಕ್ಯಾನ್ಸರ್, ಬಿ-ಎಎಲ್‌ಎಲ್. ಎರಡನೇ ಸಲ ಮರಳಿದೆ. ಕಾರ್-ಟಿ ಎಂಬುದೊಂದಿದೆ ಎಂದರು. ಎಲ್ಲಿ, ಎಷ್ಟು?

ಹೆಬ್ಬಾಳದ ಲ್ಯಾಬು · ಮಂಗಳವಾರ, ರಾತ್ರಿ 9:05

ಹುಡುಗನ ರಕ್ತದಿಂದಲೇ ಟಿ ಕೋಶಗಳನ್ನು ಬೇರ್ಪಡಿಸಿ, ಕ್ಯಾನ್ಸರ್ ಕೋಶದ ಮೇಲಿನ ಸಿಡಿ-19 ಎಂಬ ಗುರುತನ್ನು ಹಿಡಿಯುವ ಕೊಕ್ಕೆಯ ವಂಶವಾಹಿಯನ್ನು ಲ್ಯಾಬಿನಲ್ಲಿ ಅವುಗಳೊಳಗೆ ಸೇರಿಸಿ, ಕೋಟಿಗಟ್ಟಲೆ ಬೆಳೆಸಿ ವಾಪಸು ಹರಿಸುತ್ತಾರೆ. ಅಮೆರಿಕದಲ್ಲಿ 2017ರಲ್ಲಿ ಬಂದ ಮೊದಲನೆಯದರ ಬೆಲೆ 4,75,000 ಡಾಲರ್. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ಬೆಳೆಸಿದ ನೆಕ್ಸ್‌ಕಾರ್-19ಕ್ಕೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಬಂತು. ಬೆಲೆ ಅದರ ಹತ್ತನೇ ಒಂದು ಪಾಲಿನ ಸುಮಾರು, ಹದಿನೈದು ದಾಟಿದ ಬಿ-ಎಎಲ್‌ಎಲ್ ರೋಗಿಗಳಿಗೂ ಕೊಡುತ್ತಾರೆ. ನಮ್ಮ ಬೆಂಗಳೂರಿನ ಇಮ್ಯುನೀಲ್ ಕಂಪನಿಯೂ 2025ರ ಜನವರಿಯಲ್ಲಿ ಕಾರ್ಟೆಮಿ ಎಂಬುದನ್ನು ತಂದಿದೆ, ಅದು ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿಗೆ. ಹತ್ತನೇ ಒಂದು ಎಂದರೂ ಲಕ್ಷಗಳ ಲೆಕ್ಕವೇ. ಕೋಶಗಳು ಒಳಗೆ ಹೋದ ಮೇಲೆ ವಿಪರೀತ ಜ್ವರ, ರಕ್ತದೊತ್ತಡ ಕುಸಿತ ಬರಬಹುದು, ತೀವ್ರ ನಿಗಾ ಘಟಕ ಇರುವಲ್ಲೇ ಆಗಬೇಕು. ಈಗ ನೋಡುತ್ತಿರುವ ಡಾಕ್ಟರಿಗೆ ಈ ವಾರವೇ ಕೇಳಿ. ಟಿ ಕೋಶ ತೆಗೆಯುವ ಹೊತ್ತಿಗೆ ಅವು ರಕ್ತದಲ್ಲಿ ಸಾಕಷ್ಟು ಇರಬೇಕು, ತಡವಾದಷ್ಟೂ ಕಷ್ಟ.

ಮಾಲೂರು ಲೋಕಲ್ · ಮಂಗಳವಾರ, ರಾತ್ರಿ 9:11

ನಾಳೆಯೇ ಹೋಗುತ್ತೇವೆ.

ಹನುಮಂತನಗರದವನು · ಐದು ವಾರಗಳ ನಂತರ, ಗುರುವಾರ, ರಾತ್ರಿ 9:50

ಎಲ್ಲರಿಗೂ ತಡವಾಗಿ ತಿಳಿಸುತ್ತಿದ್ದೇನೆ, ಕ್ಷಮಿಸಿ. ಚೀಟಿ ಪಿನ್ ಮಾಡಿಕೊಂಡು ಹೋಗಿದ್ದೆ. ಡಾಕ್ಟರ್ ಓದಿ ನಕ್ಕರು, ಆಮೇಲೆ ಬಿಪಿಎಲ್ ಕಾರ್ಡಿನ ಪ್ರತಿ ತೆಗೆದು ನನ್ನ ಕೈಗೆ ಕೊಟ್ಟು "ಇದನ್ನು ನಾನು ಈಗ ನೋಡುತ್ತಿದ್ದೇನೆ" ಎಂದರು. ಮುಂಬೈಯ ಅದೇ ಪ್ರಯೋಗದ ಹೆಸರು ಹೇಳಿದರು.

ಎರಡು ಇಂಜೆಕ್ಷನ್ ಆಗಿವೆ. ಮುಖದ ತುಂಬ ಗುಳ್ಳೆ, ಅಮ್ಮ ಹೆದರಲಿಲ್ಲ. ಕುತ್ತಿಗೆಯ ಗಂಟು ಮೆತ್ತಗಾಗಿದೆಯೆಂದು ಅಪ್ಪ ಹೇಳುತ್ತಾರೆ, ಸ್ಕ್ಯಾನ್ ಮುಂದಿನ ತಿಂಗಳು, ಅಲ್ಲಿಯವರೆಗೆ ನಾನು ಏನೂ ಹೇಳುವುದಿಲ್ಲ. ಚಿಕ್ಕಪ್ಪ ಈಗ ಜಪಾನಿನ ಯಾವುದೋ ಬಿಸಿನೀರಿನ ಸುದ್ದಿ ಕಳಿಸಿದ್ದಾರೆ.

ಅಂಗಡಿಯವರು ಹೇಳಿದಂತೆ ಬಾಟಲಿಗೆ ಜೊತೆಗಾರರು ಸಿಕ್ಕರು. ಶಿರಾ ಕಡೆಯವರು, ಕುರಿ ಸಾಕುವವರು, ನಾಲಿಗೆಯ ಕ್ಯಾನ್ಸರ್. ಸಿಸ್ಟರ್ ಬಾಟಲಿಯಿಂದ 2 ಎಂಎಲ್ ಎಳೆದು ಅಪ್ಪನ ಸಲೈನ್ ಚೀಲಕ್ಕೆ, ಇನ್ನು 2 ಎಂಎಲ್ ಅವರ ಚೀಲಕ್ಕೆ ಹಾಕಿದರು. ಕಣ್ಣಿಗೆ ನೀರಿನಂತೆಯೇ ಕಾಣುತ್ತದೆ. ಅರ್ಧ ಗಂಟೆ ಇಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ. ಇಬ್ಬರಿಗೂ ಸರಿಯಾಗಿ ಮಾತಾಡಲು ಬರುವುದಿಲ್ಲ, ಆದರೂ ಶಿರಾ ಹೆದ್ದಾರಿಯಲ್ಲಿ ಯಾವ ವರ್ಷ ಯಾವ ಲಾರಿ ಮಗುಚಿತು ಎಂಬುದೆಲ್ಲ ಕೈಸನ್ನೆಯಲ್ಲಿ ಮುಗಿಸಿದರು. ಅಪ್ಪ ಅವರನ್ನು "ಪಾಲುದಾರರು" ಎನ್ನುತ್ತಾರೆ.

ಮುಂದಿನ ತಾರೀಖು ಗೌರಿ ಹಬ್ಬದ ದಿನವೇ ಬಿದ್ದಿದೆ. ಎರಡು ದಿನ ಮುಂದಕ್ಕೆ ಹಾಕಿಸೋಣ ಎಂದು ಅಮ್ಮ ಕೇಳಿದರು. ಅಪ್ಪ ಕೈ ಅಡ್ಡ ಆಡಿಸಿ, ಬಾಯಿ ತೆರೆಯಲು ಕಷ್ಟಪಟ್ಟು ಹೇಳಿದರು: "ಅವರು ಶಿರಾದಿಂದ ಬೆಳಿಗ್ಗೆ ನಾಲ್ಕಕ್ಕೇ ಬಸ್ಸು ಹತ್ತಿರುತ್ತಾರೆ."